ಎಂಜಿನ್‌ಗೆ ಸೂರು ಸಿಕ್ಕಿತು, ವಾಚನಾಲಯಕ್ಕೆ?

ಇಂಗ್ಲೆಂಡಿನ ಸ್ವಿಂಡನ್ ರೈಲ್ವೆ ವರ್ಕ್‌ಶಾಪ್ ಮುಚ್ಚಿದ್ದು 1986ರ ಮಾರ್ಚ್‌ನಲ್ಲಿ. 1843ರಿಂದ ನಡೆದುಬಂದಿದ್ದ ಕೆಲಸ ಅಲ್ಲಿಗೆ ನಿಂತಿತು. 2000ದಲ್ಲಿ ಅದೇ ಆವರಣದ ಹಳೆಯ ಕಟ್ಟಡವೊಂದರಲ್ಲಿ ‘ಸ್ಟೀಮ್’ ಎಂಬ ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು. ಕಾಲು ಶತಮಾನ ಕಳೆದ ಮೇಲೆ ಲೆಕ್ಕ ಹಾಕಿದರೆ, ಗಳಿಕೆ ಸಣ್ಣದಲ್ಲ.

ಬಹಳಷ್ಟು ರೈಲ್ವೆ ಮ್ಯೂಸಿಯಂಗಳಲ್ಲಿ ಎಂಜಿನ್‌ಗಳನ್ನು ಎಲ್ಲಿಂದಲೋ ತಂದು, ಬಣ್ಣ ಬಳಿದು ನಿಲ್ಲಿಸಿರುತ್ತಾರೆ. ಇಲ್ಲಿ 1923ರ ‘ಕೇರ್‌ಫಿಲಿ ಕ್ಯಾಸಲ್’ ಎಂಜಿನ್ ತಾನು ಹುಟ್ಟಿದ ವರ್ಕ್‌ಶಾಪಿನ ಆವರಣದಲ್ಲೇ ನಿಂತಿದೆ. ಹಳಿಗಳ ನಡುವಿನ ಗುಂಡಿಗಿಳಿದು ಅದರ ಅಡಿಯಲ್ಲೇ ನಡೆಯಬಹುದು. ತಲೆಯ ಮೇಲೆ ಆಕ್ಸೆಲ್, ಸರಳುಗಳು, ಬಾಯ್ಲರಿನ ಭಾರ. ಪ್ರಯಾಣಿಕರು ಎಂದೂ ಕಾಣದ, ಫಿಟ್ಟರುಗಳು ದಿನವಿಡೀ ಕತ್ತೆತ್ತಿ ನೋಡುತ್ತಿದ್ದ ಭಾಗ ಅದು. ಎಂಜಿನಿಯರ್ ಬ್ರುನೆಲ್ ತಂದಿದ್ದ ಏಳಡಿ ಅಗಲದ ಹಳಿ (ಗೇಜ್) 1892ರಲ್ಲಿ ರದ್ದಾದಾಗ ಎಂಜಿನ್‌ಗಳ ಸಾಲುಸಾಲು ಬಂದು ನಿಂತದ್ದು ಇದೇ ಊರಿನಲ್ಲಿ. ಬ್ರಿಟಿಷ್ ರೈಲ್ವೆಗಾಗಿ ಕಟ್ಟಿದ ಕೊನೆಯ ಉಗಿ ಎಂಜಿನ್ ‘ಈವನಿಂಗ್ ಸ್ಟಾರ್’ 1960ರಲ್ಲಿ ಹೊರಬಿದ್ದದ್ದೂ ಇಲ್ಲಿಂದಲೇ.

ಆದರೆ ದುಡಿದವರ ಬದುಕಿನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಇಲ್ಲೇ ಸುತ್ತಿಗೆ ಹಿಡಿದು ದುಡಿದ ಆಲ್ಫ್ರೆಡ್ ವಿಲಿಯಮ್ಸ್ ಕಾರ್ಖಾನೆಯ ಹೊಗೆ, ಕಾವು, ದಣಿವು, ಮೇಲಿನವರ ದರ್ಪಗಳನ್ನೆಲ್ಲ 1915ರಲ್ಲಿ ಪುಸ್ತಕವಾಗಿ ಬರೆದ. ಹೊಳಪು ಕೊಟ್ಟ ಹಿತ್ತಾಳೆಯ ಎದುರು ಆ ಸಂಕಟ ಮರೆಯಾಗುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಹಳಿಗಳ ಆಚೆ ಇದೆ. ಕಾರ್ಮಿಕರು ಓದಲೆಂದು, ಉಪನ್ಯಾಸ ಕೇಳಲೆಂದು, ನಾಟಕ ನೋಡಲೆಂದು ಕಟ್ಟಿಕೊಂಡ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್, ವರ್ಕ್‌ಶಾಪ್ ಮುಚ್ಚಿದಾಗಿನಿಂದ ಪಾಳು ಬಿದ್ದಿದೆ. ಇದೇ ಜನ 1847ರಲ್ಲಿ ಕೂಲಿಯ ಒಂದು ಪಾಲು ಕೂಡಿಸಿ ವೈದ್ಯಕೀಯ ನಿಧಿ ಕಟ್ಟಿದ್ದರು. ಇಡೀ ದೇಶಕ್ಕೆ ಸರ್ಕಾರಿ ಆರೋಗ್ಯ ಸೇವೆ ಬಂದದ್ದು ಅದಾಗಿ ನೂರೊಂದು ವರ್ಷಕ್ಕೆ, 1948ರಲ್ಲಿ.

ವರ್ಕ್‌ಶಾಪಿನ ಬೇರೆ ಶೆಡ್‌ಗಳು ಇಂದು ಮಾರಾಟ ಮಳಿಗೆಗಳಾಗಿವೆ. ಅದಕ್ಕೆ ನಮ್ಮ ತಕರಾರಿಲ್ಲ, ಮಾಡಾದರೂ ಉಳಿಯಿತು. ಎಂಜಿನ್ ಮತ್ತು ಅಂಗಡಿಗೆ ಸಿಕ್ಕ ಹಣ ಓದುಮನೆಗೆ ಇಷ್ಟು ವರ್ಷ ಸಿಗದಿದ್ದದ್ದು ಮಾತ್ರ ಅನ್ಯಾಯ. ಸ್ವಿಂಡನ್ ಇನ್ನು ಮುಂದೆ ಪರಂಪರೆಯ ಹೆಸರಿನಲ್ಲಿ ತೆಗೆದಿಡುವ ಮೊದಲ ದುಡ್ಡು ಆ ಕಟ್ಟಡದ ಸೂರಿಗೆ ಹೋಗಬೇಕು.