ಗಲ್ಲಾಪೆಟ್ಟಿಗೆಯ ಪಕ್ಕದ ಪಿಸ್ತೂಲು ಯಾರ ರಕ್ಷಣೆಗೆ?

ಕೈಯಲ್ಲಿ ನಗದು ಓಡಾಡುವ ಕಸುಬಿನವರಲ್ಲಿ ಒಂದು ಮಾತು ಆಗಾಗ್ಗೆ ತಲೆಯೆತ್ತುತ್ತದೆ: ಕಾಲ ಕೆಟ್ಟಿದೆ, ಒಂದು ಪಿಸ್ತೂಲು ಇದ್ದರೆ ಧೈರ್ಯ. ತುಮಕೂರಿನ ಮಂಡಿಪೇಟೆಯ ದೊಡ್ಡ ಸಾಹುಕಾರನೊಬ್ಬ ಈ ಮಾತು ಆಡಿದರೆ ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅವನ ಕಬ್ಬಿಣದ ಬೀರುವಿನಲ್ಲಿ ಅದಕ್ಕೂ ಜಾಗವುಂಟು. ಆದರೆ ಗುಬ್ಬಿಯಲ್ಲಿ ಕೊಬ್ಬರಿ ತೂಗುವ ಸಣ್ಣ ವರ್ತಕ, ಕುಣಿಗಲ್ಲಿನ ದಿನಸಿ ಅಂಗಡಿಯವನು ಅದೇ ಮಾತಿಗೆ ಮರುಳಾಗಿ, ಸಾಲ ಮಾಡಿ, ಹೆಸರೇ ಕೇಳದ ಯಾವುದೋ ಪರದೇಶದ ಹಳೆಯ ಪಿಸ್ತೂಲಿಗೆ ಕೈ ಹಾಕುವುದಾದರೆ ಸುಮ್ಮನಿರುವುದು ಸರಿಯಲ್ಲ. ಮಾಲನ್ನು ಮಾಲಿನ ಹಾಗೆಯೇ ಪರೀಕ್ಷಿಸೋಣ. ಕೊಬ್ಬರಿಯನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳದ ಊರಿನವರಿಗೆ ಇದು ಹೊಸ ವಿದ್ಯೆಯೇನಲ್ಲ.

ಮೊದಲು ಬೆಲೆಯ ಗುಟ್ಟು. 1980ರ ದಶಕದ ನಡುವಿನಿಂದ ಖಾಸಗಿ ವ್ಯಾಪಾರಕ್ಕಾಗಿ ಪಿಸ್ತೂಲು ಆಮದು ಮಾಡುವುದು ಈ ದೇಶದಲ್ಲಿ ನಿಂತುಹೋಗಿದೆ. ಹೆಸರಾಂತ ಗುರಿಕಾರರಿಗೂ ವಿದೇಶದಿಂದ ವಾಸ ಬದಲಿಸಿ ಬರುವವರಿಗೂ ಮಾತ್ರ ಸಣ್ಣ ಬಾಗಿಲು ತೆರೆದಿದೆ. ಹೀಗಾಗಿ ಪೇಟೆಯಲ್ಲಿ ಸಿಗುವ ವಿದೇಶಿ ಪಿಸ್ತೂಲು ಬಹುಮಟ್ಟಿಗೆ ನಾಲ್ಕಾರು ದಶಕಗಳ ಹಳೆಯದು, ಕೈಯಿಂದ ಕೈಗೆ ದಾಟಿ ಬಂದದ್ದು. ತನ್ನ ಹುಟ್ಟೂರಿನಲ್ಲಿ ಸಾಧಾರಣ ಬೆಲೆಗೆ ಬಿಕರಿಯಾಗುವ ವಸ್ತುವಿಗೆ ಇಲ್ಲಿ ಲಕ್ಷಗಳ ಮಾತು. ಆ ಲಕ್ಷಗಳು ಉಕ್ಕಿನ ಬೆಲೆಯಲ್ಲ, ಕೊರತೆಯ ಬೆಲೆ. ಬರಗಾಲದಲ್ಲಿ ಅಕ್ಕಿಯನ್ನು ಕೂಡಿಟ್ಟವನು ಯಾವ ಲೆಕ್ಕದಲ್ಲಿ ಮಾರುತ್ತಾನೋ ಅದೇ ಲೆಕ್ಕ.

9 ಮಿಲಿಮೀಟರಿನ ಪಿಸ್ತೂಲು ನಮ್ಮ ಕಾನೂನಿನಲ್ಲಿ ನಿಷಿದ್ಧ. ಸಾಮಾನ್ಯ ಪ್ರಜೆಗೆ ದಕ್ಕುವುದು ಹೆಚ್ಚಾಗಿ.32, ಅಂದರೆ 7.65 ಮಿಲಿಮೀಟರಿನದು. ಅಮೆರಿಕದ ಜಾನ್ ಬ್ರೌನಿಂಗ್ ಎಂಬಾತ ಬೆಲ್ಜಿಯಮ್ಮಿನ ಕಾರ್ಖಾನೆಯೊಂದಕ್ಕಾಗಿ 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ತೋಟಾ ಅದು. ಈ ಅಳತೆಯ ಪಿಸ್ತೂಲನ್ನು ಬಂಗಾಳದ ಇಷಾಪುರದ ಸರಕಾರಿ ಕಾರ್ಖಾನೆ ತಯಾರಿಸಿದೆ. ರಿವಾಲ್ವರನ್ನು ಕಾನ್ಪುರದ ಕಾರ್ಖಾನೆ ತಯಾರಿಸಿದೆ. ಆದರೂ ಪರದೇಶದ ಮುದ್ರೆಯ ಮೋಹ ಬಿಟ್ಟಿಲ್ಲ. ಜರ್ಮನಿಯ ವಾಲ್ಥರ್ ಕೈಗೆಟುಕದವನಿಗೆ ದಲ್ಲಾಳಿ ಕಡಿಮೆ ಹೆಸರಿನ ಇನ್ನಾವುದನ್ನೋ ತೋರಿಸುತ್ತಾನೆ: ಇದೂ ಆಮದಿನದೇ ಸ್ವಾಮೀ, ಹೆಸರು ಗೊತ್ತಿಲ್ಲ ಅಷ್ಟೆ.

ಹೆಸರು ಗೊತ್ತಿಲ್ಲದ ಮಾಲಿನ ಕಥೆ ಎಂಥದೆಂಬುದಕ್ಕೆ ಸ್ಪೇನಿನ ಉದಾಹರಣೆ ಸಾಕು. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಫ್ರೆಂಚ್ ಸೈನ್ಯ ಐಬಾರ್ ಪಟ್ಟಣದ ಕಂಪನಿಯೊಂದಕ್ಕೆ ‘ರೂಬಿ’ ಎಂಬ 7.65ರ ಪಿಸ್ತೂಲಿಗೆ ಆರ್ಡರು ಕೊಟ್ಟಿತು. ಬೇಡಿಕೆ ಏರಿದಂತೆ ಕೆಲಸ ಹತ್ತಾರು ಸಣ್ಣ ಕಾರ್ಖಾನೆಗಳಿಗೆ ಹಂಚಿಹೋಯಿತು. ಎಲ್ಲವೂ ಕಣ್ಣಿಗೆ ಒಂದೇ ರೂಪ. ಆದರೆ ಒಬ್ಬನ ಪಿಸ್ತೂಲಿನ ಮ್ಯಾಗಜೀನು ಇನ್ನೊಬ್ಬನದಕ್ಕೆ ಕೂಡುತ್ತಿರಲಿಲ್ಲ. ಯಾವುದು ಯಾರದೆಂದು ತಿಳಿಯಲು ಅಕ್ಷರಗಳ ಗುರುತು ಹಾಕಬೇಕಾಯಿತು. ಯುದ್ಧ ಮುಗಿದ ಮೇಲೆ ಉಳಿದ ಮಾಲು ಲೋಕದ ಸಂತೆಗೆ ಬಂತು. ಯುದ್ಧದ ಗುತ್ತಿಗೆದಾರನ ಅವಸರ ಹೀಗೆ ಕೊಳ್ಳುವವನ ಪಾಲಿನ ಅಪಾಯವಾಯಿತು.

ಹಾಗಾದರೆ ಇಂಥ ಪಿಸ್ತೂಲನ್ನು ಎದುರಿಗಿಟ್ಟಾಗ ಕೇಳಬೇಕಾದ ಪ್ರಶ್ನೆಗಳೇನು? ತಯಾರಕನ ಹೆಸರು, ಪರೀಕ್ಷಾ ಮುದ್ರೆ, ನಂಬರು ಸ್ಪಷ್ಟವಾಗಿವೆಯೇ, ಆ ನಂಬರು ಮಾರುವವನ ಲೈಸೆನ್ಸಿನಲ್ಲಿದೆಯೇ? ಎರಡನೆಯ ಮ್ಯಾಗಜೀನು ಉಂಟೆ? ಸ್ಪ್ರಿಂಗು ಸೋತರೆ, ಪಿನ್ನು ಮುರಿದರೆ ಅದರ ಬಿಡಿಭಾಗ ಎಲ್ಲಿ ಸಿಗುತ್ತದೆ? ಸೇಫ್ಟಿಯ ಕೀಲು ಬಿಗಿಯಾಗಿದೆಯೇ, ಸವೆದಿದೆಯೇ? ನಂಬಿಕೆಯ ಕಸುಬುದಾರ ಬಿಚ್ಚಿ ನೋಡಿದ್ದಾನೆಯೇ? ಲೇತಿನ ಮುಂದೆ ದುಡಿಯುವ ನಮ್ಮ ಕಾರ್ಮಿಕನಿಗೆ ಗೊತ್ತು, ಬಿಡಿಭಾಗ ಸಿಗದ ಯಂತ್ರ ಎಷ್ಟೇ ಹೊಳೆದರೂ ಗುಜರಿಯೇ. ರೈಸ್‌ಮಿಲ್ಲಿನ ಯಂತ್ರ ಕೆಟ್ಟರೆ ಒಂದು ದಿನದ ಕೆಲಸ ಹೋದೀತು. ಪ್ರಾಣ ಉಳಿಸಬೇಕಾದ ಯಂತ್ರ ಆ ಕ್ಷಣದಲ್ಲಿ ಕಚ್ಚಿಕೊಂಡರೆ ಪ್ರಾಣವೇ ಹೋಗುತ್ತದೆ.

ಇನ್ನೊಂದು ಮಾತನ್ನು ದಲ್ಲಾಳಿ ಹೇಳುವುದಿಲ್ಲ. ಅರೆಸ್ವಯಂಚಾಲಿತ ಪಿಸ್ತೂಲು ಒಂದು ಗುಂಡು ಹಾರಿದೊಡನೆ ಖಾಲಿ ತೋಟಾವನ್ನು ತಾನೇ ಹೊರಹಾಕಿ ಮುಂದಿನದನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಮ್ಯಾಗಜೀನನ್ನು ಕಿತ್ತಿಟ್ಟರೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ಖಾಲಿಯೆಂದು ನಂಬಿದ ಪಿಸ್ತೂಲಿನಿಂದ ಮನೆಯ ಮಕ್ಕಳು ಸಾಯುವುದು ಹೀಗೆಯೇ. 2016ರ ಶಸ್ತ್ರಾಸ್ತ್ರ ನಿಯಮಗಳು ತರಬೇತಿಯನ್ನು ಕೇಳುವುದು ಸುಮ್ಮನೆ ಅಲ್ಲ.

ಈಗ ಕಾನೂನಿನ ಮಾತು. 1878ರಲ್ಲಿ ಲಿಟ್ಟನ್ನನ ಸರಕಾರ ಭಾರತೀಯರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯಿದೆ ಮಾಡಿತು. 1931ರ ಕರಾಚಿ ಕಾಂಗ್ರೆಸ್ಸು ನಿಯಮಕ್ಕೊಳಪಟ್ಟು ಆಯುಧ ಹೊಂದುವುದು ಪ್ರಜೆಯ ಹಕ್ಕೆಂದು ಗೊತ್ತುವಳಿ ಮಾಡಿತು. ಸ್ವತಂತ್ರ ಭಾರತದ 1959ರ ಕಾಯಿದೆ, ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸಕೂಡದೆಂದು 14ನೆಯ ಕಲಮಿನಲ್ಲಿ ಹೇಳಿತು. ಒಳ್ಳೆಯ ಮಾತೇ. ಆದರೆ ಕಾಗದದ ಮೇಲೆ ಬಡವನಿಗೆ ತೆರೆದ ಬಾಗಿಲನ್ನು ಪೇಟೆಯ ಬೆಲೆ ಮುಚ್ಚಿಬಿಟ್ಟಿದೆ. ಬೆಳೆ ಕಾಯಲು ರೈತ ಕೇಳುವ ನಾಡಕೋವಿಗೆ ಲೈಸೆನ್ಸು ಕೊಡಬೇಕೆಂಬುದು 13ನೆಯ ಕಲಮಿನ ಧೋರಣೆ; ಪಿಸ್ತೂಲಿಗಾದರೆ ತಕ್ಕ ಕಾರಣ ತೋರಿಸಬೇಕು. ಕಾನೂನು ಮಾಡಿದವರೇ ಅವಶ್ಯಕತೆಗೂ ಆಡಂಬರಕ್ಕೂ ನಡುವೆ ಗೆರೆ ಎಳೆದಿದ್ದಾರೆ. 2019ರ ಕೊನೆಯಿಂದ 2020ರ ಆದಿಯವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಚಿರತೆಯ ಬಾಯಿಗೆ ಬಿದ್ದವರು ಯಾರು? ಹೊಲದಂಚಿನ ಬಡವರು, ಅವರ ಮಕ್ಕಳು. ಅವರಿಗೆ ಬೇಕಾಗಿದ್ದುದು ಹೊತ್ತಿಗೆ ಬರುವ ಅರಣ್ಯ ಇಲಾಖೆಯೇ ಹೊರತು ಪೇಟೆಯ ಪಿಸ್ತೂಲಲ್ಲ.

ಪಿಸ್ತೂಲಿದ್ದರೆ ಪ್ರಾಣ ಉಳಿಯುತ್ತದೆಂಬುದೇ ದೊಡ್ಡ ಭ್ರಮೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನೂ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನೂ ಅವರವರ ಮನೆಯಲ್ಲೇ ಕೊಂದದ್ದು 7.65ರ ನಾಡಪಿಸ್ತೂಲು, ಎರಡೂ ಕಡೆ ಬಳಕೆಯಾದದ್ದು ಒಂದೇ ಆಯುಧವೆಂದು ಪ್ರಯೋಗಾಲಯದ ವರದಿ ಹೇಳಿತು. 1948ರ ಜನವರಿ 30ರಂದು ಗಾಂಧಿಯವರ ಎದೆಗೆ ಮೂರು ಗುಂಡು ಹೊಡೆದದ್ದು ಇಟಲಿಯ ಬೆರೆಟ್ಟಾ, ಅದೂ ಪರದೇಶದ ಪಿಸ್ತೂಲೇ. ಕೊಲ್ಲಲು ಬಂದವನು ಹೇಳಿ ಬರುವುದಿಲ್ಲ. ಮೊದಲ ಗುಂಡು ಅವನದು. ಗಲ್ಲಾಪೆಟ್ಟಿಗೆಯಲ್ಲಿ ಬೀಗ ಹಾಕಿದ ಆಯುಧ ಆಗ ಯಾರನ್ನೂ ಕಾಯುವುದಿಲ್ಲ. ಸುಲಿಗೆಗಾರನ ಕೈಗೆ ಹೊಸ ಆಯುಧವೊಂದು ಸೇರುತ್ತದೆ, ಅಷ್ಟೆ.

ಹಾಗಾದರೆ ಆ ಆಯುಧಕ್ಕೆ ಯಾರು ಹೆದರುತ್ತಾರೆ? ಕೂಲಿ ಹೆಚ್ಚಿಸಿರೆಂದು ಕೇಳಲು ಬಂದ ಹಮಾಲಿ ಹೆದರುತ್ತಾನೆ. ಲೆಕ್ಕ ಕೇಳಿದ ಗುಮಾಸ್ತ ಹೆದರುತ್ತಾನೆ. ಮೇಜಿನ ಮೇಲೆ ಪಿಸ್ತೂಲಿಟ್ಟು ಮಾತಾಡುವ ಮಾಲೀಕ ಗುಂಡು ಹಾರಿಸಬೇಕಾಗಿಯೇ ಇಲ್ಲ. ಬಟವಾಡೆ ಬ್ಯಾಂಕಿನ ಮೂಲಕ ಆಗಲಿ ಎಂದರೆ ಗುಮಾಸ್ತನ ಹಣದ ಚೀಲವೂ ಉಳಿಯುತ್ತದೆ, ಕೂಲಿಯ ಲೆಕ್ಕವೂ ಬೆಳಕಿಗೆ ಬರುತ್ತದೆ. ಅದು ಬೇಡ, ಪಿಸ್ತೂಲು ಬೇಕು ಎನ್ನುವವನಿಗೆ ಕಳ್ಳನ ಭಯವೋ, ಲೆಕ್ಕದ ಭಯವೋ?

ಸಣ್ಣ ವರ್ತಕ ಮಿತ್ರರೇ, ನಿಮ್ಮ ಭಯ ಸುಳ್ಳೆಂದು ನಾವು ಹೇಳುತ್ತಿಲ್ಲ. ಕತ್ತಲ ದಾರಿಯಲ್ಲಿ ದಿನದ ವ್ಯಾಪಾರದ ದುಡ್ಡು ಹಿಡಿದು ನಡೆಯುವವನ ಎದೆಬಡಿತ ನಮಗೂ ಗೊತ್ತು. ರಾತ್ರಿ ಪಾಳಿ ಮುಗಿಸಿ ಬರುವ ಕೆಲಸಗಾರನೂ ಅದೇ ದಾರಿಯಲ್ಲಿ ನಡೆಯುತ್ತಾನೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಹೆಲಿಕಾಪ್ಟರಿನ ಕಾರ್ಖಾನೆ ಕಟ್ಟಿ, 2023ರ ಫೆಬ್ರವರಿ 6ರಂದು ಪ್ರಧಾನಿಯನ್ನೇ ಕರೆಸಿ ಉದ್ಘಾಟಿಸಿದ ಸರಕಾರಕ್ಕೆ, ಗಿರಣಿಯ ಬೀದಿಯಲ್ಲಿ ದೀಪ ಉರಿಸುವುದು ಭಾರವೇ? ಗಡಿ ಕಾಯುವುದು ಸರಕಾರದ ಹೊಣೆ, ಬೀದಿ ಕಾಯುವುದು ಮಾತ್ರ ಅಂಗಡಿಯವನ ಸ್ವಂತ ಖರ್ಚು ಎಂಬ ನ್ಯಾಯ ಎಲ್ಲಿಯದು? ಪ್ರತಿಯೊಬ್ಬನೂ ತನ್ನ ಪಿಸ್ತೂಲು ತಾನು ಕೊಂಡುಕೊಂಡರೆ ಸರಕಾರ ತನ್ನ ಕರ್ತವ್ಯದಿಂದ ಪಾರಾಗುತ್ತದೆ. ದುಡ್ಡಿದ್ದವನಿಗೆ ರಕ್ಷಣೆ, ಇಲ್ಲದವನಿಗೆ ದೇವರು ಎಂಬ ವ್ಯವಸ್ಥೆ ಖಾಯಮ್ಮಾಗುತ್ತದೆ.

1951ರಲ್ಲಿ ಸಾಗರ ಸೀಮೆಯ ಕಾಗೋಡಿನ ಗೇಣಿದಾರರು ಒಡೆಯರ ಎದುರು ನಿಂತಾಗ ಅವರ ಕೈಯಲ್ಲಿ ಕೋವಿಯಿರಲಿಲ್ಲ. ಒಗ್ಗಟ್ಟಿತ್ತು, ಜೈಲು ತುಂಬುವ ಧೈರ್ಯವಿತ್ತು. ಆ ದಾರಿ ನಮಗೂ ಸಾಕು. ಪಾಲಿಕೆ, ಪುರಸಭೆ, ಪಂಚಾಯಿತಿಗಳು ಪೇಟೆ ಮತ್ತು ಗಿರಣಿಯ ಬೀದಿಗಳಿಗೆ ದೀಪ ಹಾಕಲಿ. ವ್ಯಾಪಾರ ಮುಗಿಯುವ ಹೊತ್ತಿಗೂ ಪಾಳಿ ಬಿಡುವ ಹೊತ್ತಿಗೂ ಪೊಲೀಸು ಗಸ್ತು ಬರಲಿ. ಬಟವಾಡೆ ಬ್ಯಾಂಕಿನ ಮೂಲಕವೇ ಆಗಲಿ. ಚಿರತೆ, ಹಂದಿಯ ಕಾಟವಿರುವ ರೈತನ ಅರ್ಜಿಯನ್ನು ಕಚೇರಿಯಲ್ಲಿ ಕೊಳೆಯಿಸದೆ ವಿಚಾರಿಸಲಿ. ಪಿಸ್ತೂಲಿಗೆಂದು ತೆಗೆದಿಟ್ಟ ಸಾಲದ ಹಣವನ್ನು, ವರ್ತಕ ಮಿತ್ರರೇ, ಅಂಗಡಿಯ ಮಾಲಿಗೆ ಹಾಕಿರಿ. ಈ ಬೇಡಿಕೆಗಳಿಗೆ ನಿಮ್ಮ ಸಹಿ ಹಾಕಿರಿ. ಹಮಾಲಿಯೂ ಅಂಗಡಿಯವನೂ ಜೊತೆಯಾಗಿ ಜಿಲ್ಲಾಧಿಕಾರಿಯ ಕಚೇರಿಯ ಮೆಟ್ಟಿಲು ಹತ್ತಿದರೆ ಅಧಿಕಾರಿಗಳು ಬಾಗಿಲು ತೆರೆಯಲೇಬೇಕು.