ಬಾಟ್ಲಿ ಲೆಕ್ಕ, ಬಾಯಿ ಲೆಕ್ಕ



ಮೊನ್ನೆ ಶನಿವಾರ ಮಗಳ ಜೊತೆ ಸೂಪರ್ ಮಾರ್ಕೆಟ್ಟಿಗೆ ಖಾಲಿ ಪ್ಲಾಸ್ಟಿಕ್ ಬಾಟ್ಲಿ ವಾಪಸ್ ಕೊಡಲು ಹೋಗಿದ್ದೆ. ಒಟ್ಟು 14 ಬಾಟ್ಲಿ. ಮೆಷಿನ್ನಿನಿಂದ 2.50 ಯೂರೋದ ಚೀಟಿ ಬಂತು. ದೊಡ್ಡದಕ್ಕೆ 25 ಸೆಂಟ್, ಸಣ್ಣದಕ್ಕೆ 15. "ಹಾಗಾದ್ರೆ ದೊಡ್ಡವು ಎಷ್ಟಿದ್ವು ಪುಟ್ಟಿ?" ಅಂತ ಕೇಳಿದೆ.

ನಾನು ಮನಸ್ಸಿನಲ್ಲೇ ದೊಡ್ಡವು ಎಕ್ಸ್, ಸಣ್ಣವು 14 ಮೈನಸ್ ಎಕ್ಸ್ ಎಂದು ಶುರು ಮಾಡಿದ್ದೆ. ಅಷ್ಟರಲ್ಲಿ ಅವಳು, "ಎಲ್ಲಾ ಸಣ್ಣವೇ ಆಗಿದ್ರೆ 2.10 ಬರ್ತಿತ್ತು. 40 ಸೆಂಟ್ ಜಾಸ್ತಿ ಬಂದಿದೆ. ಒಂದು ದೊಡ್ಡದಕ್ಕೆ 10 ಸೆಂಟ್ ಜಾಸ್ತಿ ಅಲ್ವಾ? ನಾಲ್ಕು, ಅಪ್ಪಾ" ಅಂದಳು. ನನ್ನ ಸಮೀಕರಣವೂ ಕೊನೆಗೆ ಬಂದು ನಿಂತದ್ದು ಅಲ್ಲಿಯೇ: 10 ಎಕ್ಸ್ = 40.

ಖುಷಿಯಾಯಿತು. ಜೊತೆಗೆ ಸ್ವಲ್ಪ ನಾಚಿಕೆಯೂ ಆಯಿತು. ಏಕೆಂದರೆ ಎರಡು ವರ್ಷದ ಹಿಂದೆ ಇದೇ ಮಗಳು ನನ್ನ ಹತ್ತಿರ ಲೆಕ್ಕ ಕೇಳುವುದನ್ನೇ ಬಿಟ್ಟಿದ್ದಳು! ಅವಳು 432ನ್ನು 12ರಿಂದ ಭಾಗಿಸುತ್ತಿದ್ದ ರೀತಿ ನನಗೆ ಹಿಡಿಸಿರಲಿಲ್ಲ. ಮೊದಲು 20 ಸಲ 12, ಅಂದರೆ 240 ತೆಗೆದಳು. ಉಳಿದದ್ದು 192. ಆಮೇಲೆ 10 ಸಲ, ಉಳಿದದ್ದು 72. ಕೊನೆಗೆ 6 ಸಲ. ಒಟ್ಟು 36. ಇಲ್ಲಿ ಇದಕ್ಕೆ 'ಹಪ್' ವಿಧಾನ ಎನ್ನುತ್ತಾರೆ, ತುತ್ತು ತುತ್ತಾಗಿ ತಿನ್ನುವುದು ಎಂದರ್ಥ. "ಇದೆಂಥಾ ಭಾಗಾಕಾರ?" ಎಂದು ರೇಗಿ, ನಮ್ಮೂರಿನ ಮೇಷ್ಟ್ರು ಹೇಳಿಕೊಟ್ಟಂತೆ ಮಾಡಿಸಿದೆ. ಉತ್ತರ ಬಂತು, ಮಗಳು ಎದ್ದು ಹೋದಳು.

ಈ ಜಗಳ ನಮ್ಮ ಮನೆಯದ್ದು ಮಾತ್ರವಲ್ಲ. ನಿತ್ಯಜೀವನದಿಂದಲೇ ಗಣಿತ ಕಲಿಸಬೇಕು ಎಂಬ ಈ ಪದ್ಧತಿಯ ಹಿಂದಿದ್ದವರು ಉತ್ರೆಕ್ಟ್ ವಿಶ್ವವಿದ್ಯಾಲಯದ ಹಾನ್ಸ್ ಫ್ರಾಯ್ಡೆಂತಾಲ್. ಹಳೆಯ ಕ್ರಮವೇ ಸರಿ ಎಂದು ಡಚ್ಚರೇ ಇದರ ವಿರುದ್ಧ ವರ್ಷಗಟ್ಟಲೆ ವಾದ ಮಾಡಿದ್ದಾರೆ. ಕೊನೆಗೆ 2009ರಲ್ಲಿ ಇಲ್ಲಿನ ರಾಯಲ್ ವಿಜ್ಞಾನ ಅಕಾಡೆಮಿ ಇದ್ದ ಅಧ್ಯಯನಗಳನ್ನೆಲ್ಲ ನೋಡಿ, ಎರಡರಲ್ಲಿ ಒಂದು ಮೇಲು ಎನ್ನಲು ಸಾಕಷ್ಟು ಆಧಾರವಿಲ್ಲ, ಕಲಿಸುವವರ ಸಾಮರ್ಥ್ಯವೇ ಮುಖ್ಯ ಎಂದಿತು. ಇನ್ನು ನಾವು ಅಡುಗೆಮನೆ ಟೇಬಲ್ಲಿನಲ್ಲಿ ಕೂತು ತೀರ್ಪು ಕೊಡುವುದು ಬೇಡ, ಅಲ್ಲವೇ?

ಅಷ್ಟಕ್ಕೂ ವ್ಯವಹಾರದ ಲೆಕ್ಕ ನಮಗೇನು ಹೊಸದಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರಗಣಿತ' ಎಂಬ ಗ್ರಂಥ ಬರೆದಿದ್ದಾನೆ. ನಮ್ಮಜ್ಜಿ ತೆಂಗಿನಕಾಯಿ ಮಾರುವಾಗ ಮಾಡುತ್ತಿದ್ದುದೂ ತುತ್ತು ತುತ್ತಿನ ಲೆಕ್ಕವೇ, ಪೇಪರ್ ಪೆನ್ನು ಇರಲಿಲ್ಲ ಅಷ್ಟೇ.

ಹಾಗಂತ ಮಗ್ಗಿ ಬೇಡ ಎನ್ನುತ್ತಿಲ್ಲ. 12ರ ಮಗ್ಗಿ ಬಾಯಿಗೆ ಬಾರದವರಿಗೆ ತುತ್ತೂ ಸಿಗುವುದಿಲ್ಲ! ಅದನ್ನು ಕನ್ನಡದಲ್ಲೇ ಹೇಳಿಸಿ ಎಂಬುದು ನನ್ನ ಹಟ. ಡಚ್ಚಿನಲ್ಲಿ 24 ಅಂದರೆ 'ನಾಲ್ಕು ಮತ್ತು ಇಪ್ಪತ್ತು'. ಚಿಕ್ಕ ಮಕ್ಕಳು ಕೇಳಿದ ಕ್ರಮದಲ್ಲೇ 42 ಎಂದು ಬರೆದುಬಿಡುತ್ತಾರೆ. ನಮ್ಮ ಇಪ್ಪತ್ತನಾಲ್ಕು ಬರೆದಂತೆಯೇ ಓದಿಸಿಕೊಳ್ಳುತ್ತದೆ. ಈಗ ನಮ್ಮ ಮನೆಯಲ್ಲಿ ಹೋಂವರ್ಕ್ ಹೊತ್ತಿಗೆ ಒಂದೇ ಪ್ರಶ್ನೆ: "ಹೇಗೆ ಮಾಡಿದೆ, ಕನ್ನಡದಲ್ಲಿ ಹೇಳು." ಡಚ್ ಶಬ್ದ ನಡುವೆ ನುಸುಳಿದರೆ ನುಸುಳಲಿ.

ನಿಮ್ಮ ಮಕ್ಕಳಿಗೂ ಒಂದು ಲೆಕ್ಕ. 21% ಬೇತೇವೇ (ನಮ್ಮ ಜಿಎಸ್‌ಟಿ ಇದ್ದಂತೆ) ಸೇರಿ ಬಿಲ್ಲು 121 ಯೂರೋ. ತೆರಿಗೆ ಬಿಟ್ಟರೆ ಬೆಲೆಯೆಷ್ಟು? 121ರಲ್ಲಿ 21% ಕಳೆದು 95.59 ಎಂದರೆ ಬೈಯಬೇಡಿ, ಆ 21% ಯಾವುದರ ಮೇಲೆ ಹಾಕಿದ್ದು ಎಂದು ಕೇಳಿ. ಮೊದಲು ನೀವೂ ಒಮ್ಮೆ ಮಾಡಿ ನೋಡಿ, ನಾನು ಮೊದಲ ಸಲ ತಪ್ಪಿದ್ದೆ.