ತುಕ್ಕು

ಲಕ್ಷ್ಮೇಶ್ವರಕ್ಕೆ ಸಮೀಪದ ಅಡರಕಟ್ಟಿಯಂತಹ ಬೇಸಾಯದ ಊರುಗಳಲ್ಲಿ ಕಬ್ಬಿಣದ ಗುಣವನ್ನು ಅರಿಯಲು ಪ್ರಯೋಗಶಾಲೆ ಬೇಕಿಲ್ಲ. ದಿನವೂ ನೆಲವನ್ನು ಸೀಳುವ ನೇಗಿಲಿನ ಕುಳ ಬೆಳ್ಳಿಯಂತೆ ಹೊಳೆಯುತ್ತದೆ. ಸುಗ್ಗಿ ಮುಗಿದ ಮೇಲೆ ಹಿತ್ತಿಲ ಗೋಡೆಗೆ ಒರಗಿಸಿಟ್ಟ ಕುಂಟೆಯ ಮೇಲೆ ಎರಡು ಅಡ್ಡಮಳೆ ಬಿದ್ದರೆ ಸಾಕು, ಅದರ ಕಬ್ಬಿಣ ಕೆಂಪಾಗುತ್ತದೆ. ಆಗ ನಾವು, “ಮಳೆಗೆ ಕೆಟ್ಟಿತು” ಎಂದು ಹೇಳಿ ಸುಮ್ಮನಾಗುತ್ತೇವೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ ನಮಗೆ ಸಂಬಂಧಿಸಿದ್ದು.

ಕಬ್ಬಿಣ, ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಒಣಗಾಳಿಯಲ್ಲಿ ಕಬ್ಬಿಣ ಬಹುಕಾಲ ಬಾಳುತ್ತದೆ. ಅದರ ಮೇಲೆ ಒಂದು ನೀರಹನಿ ನಿಂತಿತೆನ್ನಿ. ಹನಿಯ ನಡುವೆ ಕಬ್ಬಿಣದ ಪರಮಾಣುಗಳು ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿಗಿಳಿಯುತ್ತವೆ. ಹನಿಯ ಅಂಚಿನಲ್ಲಿ ಆಮ್ಲಜನಕವು ಆ ಇಲೆಕ್ಟ್ರಾನುಗಳನ್ನು ಸ್ವೀಕರಿಸುತ್ತದೆ. ಹೀಗೆ ಒಂದು ಹನಿಯಲ್ಲಿಯೇ ಪುಟ್ಟ ವಿದ್ಯುತ್ ಕೋಶವೊಂದು ಏರ್ಪಡುತ್ತದೆ. ಅದರ ಫಲವೇ ನೀರಿನಂಶದಿಂದ ಕೂಡಿದ ಕಬ್ಬಿಣದ ಆಕ್ಸೈಡು, ಅಂದರೆ ತುಕ್ಕು. ನೀರಿನಲ್ಲಿ ಉಪ್ಪು ಬೆರೆತಿದ್ದರೆ ಈ ಕಾರ್ಯ ಇನ್ನೂ ಚುರುಕಾಗುತ್ತದೆ. ಕಾರವಾರ, ಮಂಗಳೂರುಗಳ ಕಡಲ ಗಾಳಿಗೆ ಕಿಟಕಿಯ ಸರಳುಗಳು ಬೇಗ ಸವೆಯುವುದು ಇದರಿಂದಲೇ.

ತಾಮ್ರವೂ ಅಲ್ಯೂಮಿನಿಯಮ್ಮೂ ಗಾಳಿಯೊಡನೆ ಸೇರಿ ಮಾರ್ಪಡುತ್ತವೆ. ಆದರೆ ಅಲ್ಯೂಮಿನಿಯಮ್ಮಿನ ಮೇಲೆ ಹುಟ್ಟುವ ತೆಳುಪೊರೆ ಒಳಗಿನ ಲೋಹವನ್ನು ಬಿಗಿಯಾಗಿ ಮುಚ್ಚಿ ಕಾಯುತ್ತದೆ. ತಾಮ್ರದ ಮೇಲೆ ಬಹುಕಾಲದಲ್ಲಿ ಕಟ್ಟುವ ಹಸಿರು ಪೊರೆಯೂ ಬಹುಮಟ್ಟಿಗೆ ಹಾಗೆಯೇ. ತುಕ್ಕಿಗೆ ಈ ಗುಣವಿಲ್ಲ. ಅದು ಉಬ್ಬಿ, ಬಿರಿದು, ಹಕ್ಕಳೆಯಾಗಿ ಉದುರುತ್ತದೆ, ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಳಗಿನ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಆದುದರಿಂದ ಒಮ್ಮೆ ತೊಡಗಿದ ತುಕ್ಕು ತಾನಾಗಿ ನಿಲ್ಲುವುದಿಲ್ಲ.

ಇದನ್ನು ಪ್ರಕೃತಿಯ ಹಗೆತನವೆಂದು ತಿಳಿಯಬೇಕಾಗಿಲ್ಲ. ಕಪ್ಪತಗುಡ್ಡದ ಕೆಂಪು ಮಣ್ಣಿಗೆ ಬಣ್ಣ ಕೊಟ್ಟಿರುವುದೂ ಕಬ್ಬಿಣದ ಆಕ್ಸೈಡೇ. ಅದಿರನ್ನು ಕುಲುಮೆಯಲ್ಲಿ ಕಾಸಿ, ಆಮ್ಲಜನಕವನ್ನು ಬೇರ್ಪಡಿಸಿ ನಾವು ಕಬ್ಬಿಣವನ್ನು ಪಡೆದೆವು. ಅವಕಾಶ ಸಿಕ್ಕಿದೊಡನೆ ಅದು ಮತ್ತೆ ಮಣ್ಣಿನ ಕಡೆಗೆ ಹೊರಡುತ್ತದೆ. ಕಬ್ಬಿಣವನ್ನು ಕಬ್ಬಿಣವಾಗಿ ಉಳಿಸಿಕೊಳ್ಳುವ ಹೊಣೆ ಅದನ್ನು ಬೇಡಿ ಪಡೆದ ಮನುಷ್ಯನದು.

ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷಗಳಿಂದ ಬಿಸಿಲುಮಳೆಗಳಲ್ಲಿ ನಿಂತಿಲ್ಲವೆ ಎಂದು ಕೆಲವರು ಕೇಳಬಹುದು. ನಿಂತಿದೆ, ನಿಜ. ನಮ್ಮ ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯ ಬಳಿಯ ಹಳೆಯ ಕಬ್ಬಿಣದ ಕಂಬವೂ ಮಲೆನಾಡಿನ ಜಡಿಮಳೆಯನ್ನು ತಾಳಿ ನಿಂತು ಲೋಹವಿಜ್ಞಾನಿಗಳ ಗಮನ ಸೆಳೆದಿದೆ. ದೆಹಲಿಯ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೇಲ್ಮೈಯಲ್ಲಿ ರಕ್ಷಣೆಯ ಪೊರೆಯೊಂದು ಕಟ್ಟಿಕೊಂಡಿದೆಯೆಂದು ವಿಜ್ಞಾನಿಗಳು ವಿವರಿಸಿದ್ದಾರೆ. ಅದು ಪವಾಡವಲ್ಲ. ಆ ಕಂಬವನ್ನು ಹೊಗಳುತ್ತ ನಮ್ಮ ಮನೆಯ ಗೇಟಿಗೆ ಬಣ್ಣ ಬಳಿಯದಿದ್ದರೆ ಫಲವೇನು?

ಕಾಪಾಡುವ ದಾರಿಗಳು ಎಲ್ಲರಿಗೂ ತಿಳಿದಿವೆ. ಒರೆಸಿ ಎಣ್ಣೆ ಸವರಬಹುದು, ಬಣ್ಣ ಬಳಿಯಬಹುದು, ಸತುವಿನ ಲೇಪ ಕೊಡಬಹುದು. ಸತುವು ಕಬ್ಬಿಣಕ್ಕಿಂತ ಮೊದಲು ತಾನು ಸವೆದು ಅದನ್ನು ಉಳಿಸುತ್ತದೆ. ಕೊರತೆಯಿರುವುದು ಜ್ಞಾನದಲ್ಲಲ್ಲ, ಗಮನದಲ್ಲಿ.

ಮನೆಯ ಕುಡುಗೋಲು ಕೆಟ್ಟರೆ ಒಬ್ಬನಿಗೆ ನಷ್ಟ. ಹತ್ತು ಜನರ ಲೋಹ ಕೆಟ್ಟರೆ ನಾಡಿಗೆ ಆಪತ್ತು. ಮುಂಡರಗಿ ಸೀಮೆಯನ್ನು ತಾಗಿ ಹರಿಯುವ ತುಂಗಭದ್ರೆಗೆ ಹೊಸಪೇಟೆಯ ಬಳಿ ಕಟ್ಟಿದ ಅಣೆಕಟ್ಟಿನಲ್ಲಿ 33 ಕ್ರಸ್ಟ್ ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ, ಸರಪಳಿ ತುಂಡಾಗಿ 19ನೆಯ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿದ್ದ ಕಾಲವದು. ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು, ರೈತರು ನಂಬಿದ್ದ ನೀರನ್ನು ಹೊಳೆಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಆ ಕಂಡಿಯನ್ನು ಮುಚ್ಚಲು ಸುಮಾರು ಒಂದು ವಾರ ಹಿಡಿಯಿತು. ತುಕ್ಕೊಂದೇ ಇದಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಭಾರ, ಸವೆತ, ವಯಸ್ಸು ಇವೂ ಲೋಹವನ್ನು ದಣಿಸುತ್ತವೆ. ಆದರೆ ಸುಮಾರು 70 ವರ್ಷ ನೀರಿಗೂ ಗಾಳಿಗೂ ನಡುವೆ ದುಡಿದ ಲೋಹವು ಎಡೆಬಿಡದ ಆರೈಕೆಯನ್ನು ಬೇಡುತ್ತದೆ ಎಂಬ ಪಾಠವನ್ನು ಆ ಒಂದು ರಾತ್ರಿ ಕಲಿಸಿತು.

ಸೇತುವೆಯನ್ನೋ ನೀರಿನ ತೊಟ್ಟಿಯನ್ನೋ ಉದ್ಘಾಟಿಸಿದವರ ಹೆಸರನ್ನು ನಾವು ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಅದಕ್ಕೆ ವರ್ಷವರ್ಷವೂ ಬಣ್ಣ ಬಳಿದವನ ಹೆಸರು ಯಾರಿಗೂ ತಿಳಿಯದು. ನಮ್ಮ ಹಿರಿಯರು ಹೀಗೆ ಮಾಡಲಿಲ್ಲ. ಕೆರೆಯನ್ನು ಕಟ್ಟಿಸಿದವರು ಅದರ ಸಂರಕ್ಷಣೆಗೆಂದು ‘ಬಿತ್ತುವಟ್ಟ’ವೆಂಬ ದತ್ತಿಯನ್ನು ಬಿಟ್ಟುದನ್ನು ಕನ್ನಡ ಶಾಸನಗಳು ಹೇಳುತ್ತವೆ. ಕಟ್ಟುವ ಪುಣ್ಯದಷ್ಟೇ ಕಾಯುವ ಪುಣ್ಯವೂ ದೊಡ್ಡದೆಂದು ಅವರು ಅರಿತಿದ್ದರು. ಇಂದು ಒಂದು ಸೇತುವೆಗೆ ಹಣ ತೆಗೆದಿಡುವಾಗಲೇ ಅದರ ಬಣ್ಣಕ್ಕೂ ಎಣ್ಣೆಗೂ ಪರೀಕ್ಷೆಗೂ ಹಣ ತೆಗೆದಿಡುವುದು ನಿಯಮವಾಗಬೇಕು. ಶಾಲೆಯ ಕೈಪಂಪು, ಊರಿನ ಗೇಟು, ಹೊಲದ ಕುಂಟೆ ಇವನ್ನು ಮಳೆ ಬರುವ ಮುನ್ನ ಒಮ್ಮೆ ನೋಡುವ ಅಭ್ಯಾಸ ಮಕ್ಕಳಲ್ಲಿಯೇ ಬೆಳೆಯಬೇಕು. ಮಳೆ ತನ್ನ ಕಾಲಕ್ಕೆ ಬಂದೇ ಬರುತ್ತದೆ. ಅದು ನಮಗೆ ಬೇಕು ಕೂಡ. ಅದು ಬರುವ ಮೊದಲು ನಮ್ಮ ಕೆಲಸ ಮುಗಿದಿರಬೇಕು.